ಆಯ್ತಪ್ಪ ಬೆಟ್ಟ ಹತ್ತಿದ್ದು

ನನ್ನ ಗಂಡನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವುದು ಆಯ್ತಪ್ಪ ಎಂದು. ಯಾರು ಏನು ಕೇಳಿದರೂ "ಆಯ್ತಪ್ಪ, ಆಯ್ತು" ಅಂದುಬಿಡುವ ಮನುಷ್ಯ. ಕೆಳಗಿನ ಮನೆಯಾಕೆ ಎರಡು ದಿನದ ಮಟ್ಟಿಗೆ ನೋಡಿಕೊಳ್ಳಿ ಎಂದು ಬಿಟ್ಟುಹೋದ ಗಿಳಿ ನಮ್ಮ ಮನೆಯಲ್ಲೇ ಮುದಿಯಾಗುತ್ತಿದೆ. ಆಕೆ ವಾಪಸು ಬಂದು ಎಷ್ಟೋ ವರ್ಷವಾಯಿತು. ಆಗಾಗ ಮೇಲೆ ಬಂದು ಗಿಳಿಯನ್ನು ಮಾತಾಡಿಸಿ, ಟೀ ಕುಡಿದು ಹೋಗುತ್ತಾಳೆ. ಬಾಗಿಲಿಗೆ ಬಂದ ಕೊಡೆ ಮಾರುವವನಿಗೆ ಬೇಡ ಎನ್ನಲಾರದೆ ಕೊಂಡು ಕೊಂಡು, ನಮ್ಮ ಮನೆಯಲ್ಲಿ ಈಗ ತಲೆಗಳಿಗಿಂತ ಕೊಡೆಗಳೇ ಹೆಚ್ಚು. ಒಮ್ಮೆ ಕ್ಷೌರದವನು "ಇನ್ನೂ ಸ್ವಲ್ಪ ತೆಗೀಲಾ?" ಎಂದು ಕೇಳಿದಾಗಲೆಲ್ಲ ಹೂಂ ಎಂದು, ಕೊನೆಗೆ ಗುರುತೇ ಸಿಗದ ಹಾಗೆ ಮನೆಗೆ ಬಂದರು. "ಅಷ್ಟು ಪ್ರೀತಿಯಿಂದ ಕೇಳ್ತಿದ್ದ ಕಣೇ," ಎಂದರು.

ಈ ಗುಣದಿಂದ ನನಗೆ ಬರೀ ತೊಂದರೆಯೇ ಆಗಿದೆ ಎಂದರೆ ನನ್ನ ನಾಲಗೆ ಬಿದ್ದುಹೋದೀತು. ನಾನು ಮನೆಯಲ್ಲೇ ಪರದೆ ಹೊಲಿಯುವವಳು. ದೊಡ್ಡ ಕಿಟಕಿಯ ಪರದೆ ಬಂದಾಗ ಆ ತುದಿ ಸ್ವಲ್ಪ ಹಿಡಿದುಕೊಳ್ಳಿ ಎಂದರೆ, ಮೇಜಿನ ಮೇಲಿನ ಟೀ ಆರಿ ತಣ್ಣಗಾದರೂ ಹಿಡಿದುಕೊಂಡು ನಿಂತೇ ಇರುತ್ತಾರೆ. ಆದರೂ ದಿನಕ್ಕೊಮ್ಮೆ ಗೊಣಗದೆ ಬಿಟ್ಟವಳಲ್ಲ ನಾನು. "ಒಂದೇ ಒಂದು ಸಲ 'ಆಗಲ್ಲ' ಅನ್ನಿ ನೋಡೋಣ, ಬಾಯೇನೂ ಸವೆಯಲ್ಲ," ಎಂದರೆ, "ಆಯ್ತು, ಅಂತೀನಿ," ಎನ್ನುತ್ತಿದ್ದರು.

ಇವರದು ಲಿಫ್ಟ್ ರಿಪೇರಿ ಕೆಲಸ. ಜೊತೆಗಾರ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅಣ್ಣ. ಅವನಿಗೆ ಅಲ್ಲಿ ಬ್ರೇಕು ಎಂದೇ ಹೆಸರು. ಏನು ಕೇಳಿದರೂ ಮೊದಲು "ಆಗಲ್ಲ", ಯೋಚನೆ ಆಮೇಲೆ. ಹಳೆಯ ಕಟ್ಟಡಗಳ ಹಳೆಯ ಲಿಫ್ಟುಗಳೆಲ್ಲ ಈ ಇಬ್ಬರ ಪಾಲಿಗೆ ಬರುತ್ತಿದ್ದವು. ಎಲ್ಲಕ್ಕಿಂತ ಮೇಲೆ, ಮೋಟಾರ್ ಕೋಣೆಯಲ್ಲಿ ಅಣ್ಣ. ಕೆಳಗೆ, ಲಿಫ್ಟು ಓಡಾಡುವ ಕತ್ತಲೆ ಗುಂಡಿಯೊಳಗೆ, ಅದರ ನೆತ್ತಿಯ ಮೇಲೆ, ಸೊಂಟದ ಬೆಲ್ಟಿನ ಕೊಕ್ಕೆ ಸಿಕ್ಕಿಸಿಕೊಂಡು ಇವರು. ಒಂದು ಮಹಡಿ ಏರಬೇಕೆಂದರೆ ಇವರು "ಮೇಲೆ!" ಎಂದು ಕೂಗಬೇಕು. ಅಣ್ಣ ಎಲ್ಲ ನೋಡಿ, ಸರಿ ಕಂಡರೆ ಅದೇ ಮಾತನ್ನು ತಿರುಗಿ ಕೂಗುತ್ತಾನೆ, "ಮೇಲೆ!" ಆಮೇಲೆಯೇ ಲಿಫ್ಟು ಅಲುಗುವುದು. ಸರಿ ಕಾಣದಿದ್ದರೆ "ಆಗಲ್ಲ!" ಎನ್ನುತ್ತಾನೆ, ಆಗ ಯಾರಪ್ಪ ಬಂದು ಹೇಳಿದರೂ ಅದು ಕದಲುವುದಿಲ್ಲ. ಆಫೀಸಿನವರು ವಾಕಿಟಾಕಿ ಕೊಟ್ಟಿದ್ದಾರೆ. ಗಂಟಲಿಗೆ ಬ್ಯಾಟರಿ ಮುಗಿಯಲ್ಲ ಎಂದು ಅಣ್ಣ ಅದನ್ನು ಡಬ್ಬದಿಂದ ಹೊರಗೇ ತೆಗೆದಿಲ್ಲ.

ಅಣ್ಣನ ನಿವೃತ್ತಿ ಹತ್ತಿರ ಬಂತು. ಮೋಟಾರ್ ಕೋಣೆಯ ಜಾಗಕ್ಕೆ ಯಾರನ್ನು ಹಾಕಬೇಕು, ಸೋಮವಾರ ಹೇಳಿ ಎಂದು ಆಫೀಸಿನವರು ಅವನನ್ನೇ ಕೇಳಿದ್ದರು. ಇಷ್ಟು ವರ್ಷ ಗುಂಡಿಯಲ್ಲಿ ಬೆವರು ಸುರಿಸಿದ ಇವರು ಆ ಜಾಗ ತಮಗೇ ಎಂದುಕೊಂಡಿದ್ದರು. ಬಾಯಿಬಿಟ್ಟು ಕೇಳುವ ಜಾಯಮಾನವಲ್ಲ. ಆದರೆ ಕನ್ನಡಿಯ ಮುಂದೆ ನಿಂತು ಗಂಭೀರವಾಗಿ "ಮೇಲೆ!" ಎಂದು ಕೂಗಿ ನೋಡಿಕೊಳ್ಳುತ್ತಿದ್ದುದನ್ನು ನಾನೂ ಗಿಳಿಯೂ ಕೇಳಿಸಿಕೊಂಡಿದ್ದೆವು.

ಶುಕ್ರವಾರ ಸಂಜೆ ಅಣ್ಣ ಮನೆಗೆ ಬಂದ. ಊಟಕ್ಕೆ ಕೂತು ಸುತ್ತಿಬಳಸದೆ ಹೇಳಿದ.

"ನಿನ್ನ ಹೆಸರು ಕೊಡಲ್ಲ ಕಣಯ್ಯಾ. ಹೊರಗಿಂದ ಯಾರನ್ನಾದ್ರೂ ಕರೆಸ್ಕೊಳ್ಳಿ ಅಂತೀನಿ."

ಇವರ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಯಾಕೆ ಭಾವ? ನನಗೆ ಕೆಲಸ ಬರಲ್ವಾ?"

"ಕೆಲಸ ನನಗಿಂತ ಚೆನ್ನಾಗಿ ಬರುತ್ತೆ. ಆದ್ರೆ ಕೆಳಗಿರೋನ ಜೀವ ಮೇಲಿರೋನ ಬಾಯಲ್ಲಿರುತ್ತೆ. ನಾಳೆ ಯಾರೋ ಹೊಸಬ ಕೊಕ್ಕೆ ಹಾಕ್ಕೊಳ್ಳದೇನೇ 'ಮೇಲೆ' ಅಂತಾನೆ, ಬೇಗ ಮುಗಿಸಿ ಮನೆಗೆ ಹೋಗ್ಬೇಕು ಅಂತಾನೆ. ನೀನು ಏನಂತೀಯ?"

ಇವರು ಬಾಯಿ ತೆರೆದರು. ಉತ್ತರ ನಮ್ಮ ಮೂವರಿಗೂ ಗೊತ್ತಿತ್ತು.

"ಒಂದು ಗಿಳೀನ ವಾಪಸ್ ಕೊಡೋಕಾಗ್ಲಿಲ್ಲ ನಿನ್ನ ಕೈಲಿ," ಎಂದ ಅಣ್ಣ.

"ಅಂದ್ರೆ ನನಗೆ ಧೈರ್ಯ ಇಲ್ಲ ಅಂತ."

"ನಾನು ಹಾಗಂದ್ನಾ?"

"ಅಂದಂಗೇ ಆಯ್ತು." ಇವರು ತಟ್ಟೆ ಸರಿಸಿ ಕಿಟಕಿಯ ಕಡೆ ನೋಡಿದರು. ನಮ್ಮ ಅಡುಗೆಮನೆಯ ಕಿಟಕಿಗೆ ನೇರ ಎದುರಿಗೆ ಆ ಬೆಟ್ಟ ನಿಂತಿದೆ. ಅರ್ಧದವರೆಗೆ ಕುರುಚಲು, ಅಲ್ಲಿಂದಾಚೆ ಬರೀ ಕಲ್ಲು. ಹಗ್ಗ ಬೇಕಾಗುವಂಥದ್ದಲ್ಲ, ಹಾಗೆಂದು ನಡೆದು ಹೋಗುವಂಥದ್ದೂ ಅಲ್ಲ, ಕೈಕಾಲು ನಾಲ್ಕನ್ನೂ ಹಚ್ಚಿ ಏರಬೇಕು. ಹೋಗುವವರು ಇಬ್ಬರೋ ಮೂವರೋ ಸೇರಿ ಹೋಗುತ್ತಾರೆ. "ಭಾನುವಾರ ಅದನ್ನ ಹತ್ತಿ ಬರ್ತೀನಿ. ಒಬ್ಬನೇ. ಆಮೇಲೆ ಮಾತಾಡಿ ಭಾವ," ಎಂದರು.

ಗಂಡಸರ ಈ ಲೆಕ್ಕಾಚಾರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಒಂದರಲ್ಲಿ ಕೊರತೆ ಇದೆ ಎಂದರೆ ಇನ್ನೊಂದರಲ್ಲಿ ಗೆದ್ದು ತೋರಿಸುತ್ತಾರೆ. ಸಾರಿಗೆ ಉಪ್ಪು ಸಾಲದು ಎಂದವರಿಗೆ ಇನ್ನೂ ಎರಡು ಬಟ್ಟಲು ಬಡಿಸಿದ ಹಾಗೆ.

ಶನಿವಾರ ಪೂರ್ತಿ ಹೇಳಿದೆ. "ಒಬ್ಬರೇ ಹೋಗ್ಬೇಡಿ." "ಆಯ್ತು." "ನಿಜವಾಗ್ಲೂ?" "ಆಯ್ತು ಅಂದ್ನಲ್ಲ." ಭಾನುವಾರ ನಾನು ಏಳುವಷ್ಟರಲ್ಲಿ ಬೇಯಿಸಿದ ಮೊಟ್ಟೆ, ಬ್ರೆಡ್ಡು, ನೀರಿನ ಬಾಟಲಿ ಮತ್ತು ಒಂದು ಕೊಡೆ ತುಂಬಿದ ಬೆನ್ನಿನ ಚೀಲದ ಸಮೇತ ಮೊದಲ ಬಸ್ಸಿಗೆ ಹೊರಟುಹೋಗಿದ್ದರು. ಎಲ್ಲರಿಗೂ ಆಯ್ತು ಎನ್ನುವವರ ಆಯ್ತಿಗೆ ಕವಡೆ ಕಿಮ್ಮತ್ತಿಲ್ಲ ಎಂದು ಮದುವೆಯಾದ ಹೊಸದರಲ್ಲೇ ಕಂಡುಕೊಂಡಿದ್ದೆ. ಆದರೂ ಮತ್ತೆ ಮತ್ತೆ ಮೋಸಹೋಗುತ್ತೇನೆ.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ಇವರು ಅವತ್ತು ಸಂಜೆ ಹೇಳಿದ್ದು. ಆಮೇಲೆಯೂ ಬಹಳ ಸಲ ಹೇಳಿದ್ದಾರೆ. ಹೇಳಿದ ಹಾಗೆಲ್ಲ ಬಂಡೆ ನೆಟ್ಟಗಾಗುತ್ತಿದೆ, ಕಾಲಿಡುವ ಜಾಗ ಕಿರಿದಾಗುತ್ತಿದೆ. ಹಾಗಾಗಿ ನಾನು ಮೊದಲ ಸಲದ್ದನ್ನೇ ಹಿಡಿದುಕೊಂಡಿದ್ದೇನೆ.

ಕುರುಚಲು ಮುಗಿಯುವ ತನಕ ಏನೂ ತೊಂದರೆ ಇರಲಿಲ್ಲ. ಆಮೇಲೆ ಸಡಿಲ ಕಲ್ಲುಗಳ ಇಳಿಜಾರು. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಜಾರಿಸಿ ಕೆಳಗಿಡುವಂಥದ್ದು. ಅದನ್ನು ದಾಟಿ ಗಟ್ಟಿ ಬಂಡೆಗೆ ಕೈ ಹಚ್ಚಿದಾಗ ಇವರಿಗೆ ತಮ್ಮ ಕೆಲಸಕ್ಕೆ ಬಂದ ಹಾಗೆನಿಸಿತಂತೆ. ಒಂದೊಂದು ಹಿಡಿಯನ್ನೂ ಬೋಲ್ಟು ನೋಡಿದ ಹಾಗೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವುದು. ಗಟ್ಟಿ ಸದ್ದು ಬಂದರೆ ಹಿಡಿಯುವುದು, ಟೊಳ್ಳು ಸದ್ದು ಬಂದರೆ ಬಿಡುವುದು. ಕೈಕಾಲುಗಳಲ್ಲಿ ಮೂರು ಕಚ್ಚಿಕೊಂಡಿರುವಾಗ ಮಾತ್ರ ನಾಲ್ಕನೆಯದನ್ನು ಕದಲಿಸುವುದು. ಎತ್ತರವನ್ನು ಮಹಡಿಗಳಲ್ಲಿ ಅಳೆಯುವುದು. ಎಲ್ಲ ಸರಿಯಾಗಿತ್ತು, ಆದರೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಬಲಗೈ ತಾನಾಗಿ ಸೊಂಟಕ್ಕೆ ಹೋಗಿ ಕೊಕ್ಕೆ ಹುಡುಕುತ್ತಿತ್ತು. ಅಲ್ಲಿ ಇದ್ದದ್ದು ಪ್ಯಾಂಟು ಜಾರದಿರಲಿ ಎಂದು ಕಟ್ಟಿಕೊಂಡ ಬೆಲ್ಟು ಮಾತ್ರ.

ಬೆಟ್ಟದ ಎದೆಯಲ್ಲಿ ಒಂದು ದೊಡ್ಡ ಸೀಳು ಇದೆ. ಮೂರು ಕಡೆ ಕಡಿದಾದ ಗೋಡೆ, ತಲೆಯ ಮೇಲೆ ಒಂದು ತುಂಡು ಆಕಾಶ. ಥೇಟ್ ಲಿಫ್ಟಿನ ಗುಂಡಿ. ಅಲ್ಲಿ ನಿಂತು ಕಾಲೆತ್ತಲು ನೋಡುತ್ತಾರೆ, ಕಾಲು ಏಳುವುದಿಲ್ಲ. ಭಯವೇನಲ್ಲ, ಅಭ್ಯಾಸ. ಮೇಲಿನಿಂದ ಮಾತು ಬರದೆ ಈ ಮನುಷ್ಯ ಗುಂಡಿಯೊಳಗೆ ಒಂದು ಗೇಣೂ ಏರಿದವರಲ್ಲ. ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಾಚಿಕೊಂಡೇ ಕೂಗಿದರು.

"ಮೇಲೆ!"

"ಮೇಲೆ!" ಎಂದಿತು ಮೇಲಿನ ಗೋಡೆ.

ಅಣ್ಣನ ದನಿ ಯಾವ ಕಡೆಯಿಂದ ಬರುತ್ತಿತ್ತೋ ಅದೇ ಕಡೆಯಿಂದ ಬಂತು. ಕಾಲು ತಟ್ಟನೆ ಎದ್ದಿತು.

"ಪ್ರತಿಧ್ವನಿ ಅಂತ ಗೊತ್ತಾಗ್ಲಿಲ್ವಾ?" ಎಂದು ನಾನು ಕೇಳಿದೆ.

"ನನಗೆ ಗೊತ್ತಿತ್ತು ಕಣೇ. ಕಾಲಿಗೆ ಗೊತ್ತಿರ್ಲಿಲ್ಲ," ಎಂದರು.

ಆಮೇಲೆ ಏರಿದ್ದೇ ಏರಿದ್ದು. ಪ್ರತಿ ತಿರುವಿನಲ್ಲೂ ನಿಂತು ಕೂಗುವುದು, ಬೆಟ್ಟ ಒಪ್ಪುವುದು, ಇವರು ಹತ್ತುವುದು. ಇಂಥ ಜೊತೆಗಾರ ಮೊದಲೇ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತಂತೆ. ಗೊಣಗಾಟವಿಲ್ಲ, ಗಂಟುಮುಖವಿಲ್ಲ, ಮೊಟ್ಟೆಯಲ್ಲಿ ಪಾಲು ಕೇಳುವುದಿಲ್ಲ. ಒಂದು ಸಲವೂ 'ಆಗಲ್ಲ' ಎನ್ನಲಿಲ್ಲ. "ಭಾವನಿಗಿಂತ ಇದೇ ವಾಸಿ ಅನ್ಸಿತ್ತು," ಎಂದು ಅಣ್ಣನ ಮುಖ ನೋಡಿಕೊಂಡೇ ಹೇಳಿದರು.

ಆ ಭಾವ ಇತ್ತ ಬೆಳಗ್ಗೆಯೇ ನಮ್ಮ ಮನೆಗೆ ಬಂದು ಕೂತಿದ್ದ. ಹೊಲಿಗೆ ಯಂತ್ರದ ಬೆಲ್ಟು ಸಡಿಲವಾಗಿರಬಹುದು, ನೋಡಿ ಹೋಗೋಣ ಎಂದು ಬಂದನಂತೆ. ಬೆಲ್ಟಿಗೆ ಏನೂ ಆಗಿರಲಿಲ್ಲ. ಯಂತ್ರವನ್ನು ಅಡುಗೆಮನೆಯ ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು, ಅದಕ್ಕೆ ಬೆನ್ನು ಹಾಕಿ ಕೂತು ಬೆಟ್ಟ ನೋಡತೊಡಗಿದ.

"ಬೆಲ್ಟು ಬೆಟ್ಟದ ಮೇಲಿದೆಯಾ ಅಣ್ಣ?" ಎಂದೆ.

"ಬಾಯಿ ಮುಚ್ಕೊಂಡು ಟೀ ಮಾಡೇ," ಎಂದ. ಟೀ ತಂದಿಟ್ಟಾಗ, ಬೆಟ್ಟದಿಂದ ಕಣ್ಣು ತೆಗೆಯದೆ, "ನಾನು ಅಷ್ಟು ಖಾರವಾಗಿ ಹೇಳ್ಬಾರದಿತ್ತೇನೋ?" ಎಂದ.

"ಹೇಳಿದ್ದು ಸರಿಯಾಗೇ ಇತ್ತು. ಗಿಳಿ ವಿಷಯ ಬೇಡವಾಗಿತ್ತು."

ಮಧ್ಯಾಹ್ನದ ಹೊತ್ತಿಗೆ ಮೋಡ ಬಂದು ತುದಿಯನ್ನು ಮುಚ್ಚಿತು. ಅಲ್ಲಿಂದ ನಾವಿಬ್ಬರೂ ತಮಾಷೆ ಬಿಟ್ಟೆವು. ನನಗೆ ಭಯವಾಗಿತ್ತು. ಒಂದು ಪರದೆಯ ಅಂಚನ್ನು ಹೊಲಿದು, ಸೊಟ್ಟಗಾಯಿತೆಂದು ಬಿಚ್ಚಿ, ಮತ್ತೆ ಸೊಟ್ಟಗೇ ಹೊಲಿದೆ. ಅಣ್ಣ ಟೀ ಕುಡಿಯಲೇ ಇಲ್ಲ.

ಆ ಹೊತ್ತಿಗೆ ಇವರು ಸೀಳು ಎರಡಾಗಿ ಒಡೆಯುವ ಜಾಗಕ್ಕೆ ಬಂದಿದ್ದರು. ಎಡಕ್ಕೆ ಅಗಲವಾದ ಅಂಚು, ಮೊದಲು ಹೋದವರು ಗುರುತಿಗೆ ಪೇರಿಸಿಟ್ಟ ಕಲ್ಲುಗುಪ್ಪೆಗಳು. ಅದು ಬಳಸು ದಾರಿ. ಬಲಕ್ಕೆ ಇಕ್ಕಟ್ಟಾದ ಒಂದು ಬಿರುಕು, ನೇರ ತುದಿಯ ಕಡೆಗೆ. ಇವರು "ಬಲಕ್ಕೆ!" ಎಂದು ಕೂಗಿದರು. ಅಣ್ಣನಾಗಿದ್ದರೆ, "ಆಗಲ್ಲ! ಕಲ್ಲುಗುಪ್ಪೆ ಕಾಣಲ್ವಾ ಕಣ್ಣಿಗೆ?" ಎನ್ನುತ್ತಿದ್ದ. ಬೆಟ್ಟ ಬಲಕ್ಕೆ ಎಂದಿತು.

ಬೆನ್ನು ಒಂದು ಗೋಡೆಗೆ, ಕಾಲು ಇನ್ನೊಂದು ಗೋಡೆಗೆ ಕೊಟ್ಟು ಬಿರುಕಿನೊಳಗೆ ತೆವಳಿ ಏರಿದರು. ಅದು ಮುಗಿದದ್ದು ಕಿಟಕಿಯ ಕಟ್ಟೆಯಷ್ಟು ಅಗಲದ ಒಂದು ಜಾಗದಲ್ಲಿ. ಮೋಡದ ನಡುವೆ ಬೆಟ್ಟದ ತುದಿ ಕಾಣುತ್ತಿತ್ತು, ಇನ್ನು ಒಂದೂವರೆ ಮಹಡಿ. ಮಧ್ಯದಲ್ಲಿ ನುಣ್ಣನೆಯ ಹಾಸುಬಂಡೆ. ಅದರಲ್ಲಿ ಕೈಗೆಟುಕುವಂತೆ ಇದ್ದದ್ದು ಹೊರಚಾಚಿದ ಒಂದೇ ಒಂದು ಕಲ್ಲು. ಇವರು ಅದನ್ನು ಕುಟ್ಟಿದರು. ಟೊಳ್ಳು. ಇನ್ನೊಂದು ಸಲ ಕುಟ್ಟಿದರು. ಟೊಳ್ಳೇ.

ಗುಂಡಿಯೊಳಗಿಂದ ವರದಿ ಒಪ್ಪಿಸುವ ಹಾಗೆ ಕೂಗಿದರು. "ಹಿಡಿ ಸಡಿಲ ಇದೆ!"

"ಸಡಿಲ ಇದೆ!" ಎಂದಿತು ಬೆಟ್ಟ.

"ಆದ್ರೂ ಹೋಗ್ಲಾ?"

"ಹೋಗ್ಲಾ?"

ಅಲ್ಲಿ ಇವರ ನಗು ನಿಂತಿತು. ತುದಿ ಅಷ್ಟು ಹತ್ತಿರ. ಅಲ್ಲಿಗೆ ಹೋಗಿ ಬಂದರೆ ಸಾಕು, ಭಾವನ ಬಾಯಿ ಮುಚ್ಚುತ್ತದೆ. ಕಲ್ಲಿನ ಮೇಲೆ ಕೈಯಿಟ್ಟು ಸ್ವಲ್ಪವೇ ಭಾರ ಹಾಕಿದರು. ಬುಡದಿಂದ ಒಂದಿಷ್ಟು ಪುಡಿ ಉದುರಿ ಇವರ ಅಂಗಿಯ ತೋಳಿನೊಳಗೆ ಹೋಯಿತು. ಕೈ ತೆಗೆದರು. ಅಂಥ ಹೊತ್ತಿನಲ್ಲಿ ಹೆಂಡತಿ ನೆನಪಾಗಬೇಕು, ನಾನು ಕೇಳಿದೆ ಕೂಡ. "ಇಲ್ಲ ಕಣೇ, ಭಾವ ಅವತ್ತು ಹೇಳಿದ್ರಲ್ಲ ಆ ಹೊಸಬ, ಅವನು ನೆನಪಾದ," ಎಂದರು. ಇನ್ನೂ ಕೆಲಸಕ್ಕೇ ಸೇರದ, ಮುಖವೇ ಇಲ್ಲದ ಆ ಯಾರೋ ಒಬ್ಬ, ಗುಂಡಿಯಲ್ಲಿ ನಿಂತು ಮೇಲೆ ಮುಖ ಮಾಡಿ 'ಮೇಲೆ' ಎಂದು ಕೂಗುತ್ತಿದ್ದಾನೆ. ಮೋಟಾರ್ ಕೋಣೆಯಲ್ಲಿ ಕೂತ ಆಯ್ತಪ್ಪ ಏನು ಹೇಳುತ್ತಾನೆ ಎಂದು ತಿಳಿಯುವುದಕ್ಕೆ ಬೆಟ್ಟವೇ ಸಾಕಾಗಿತ್ತು. ಕೂಗಿದ್ದಕ್ಕೆಲ್ಲ ಅದು ಹೂಂಗುಟ್ಟುವುದನ್ನು ಬೆಳಗ್ಗಿನಿಂದ ಕೇಳಿಸಿಕೊಂಡಿದ್ದರಲ್ಲ.

"ನನಗೆ ನನ್ನ ಮೇಲೇ ಹೇಸಿಗೆ ಆಯ್ತು," ಎಂದರು ಇವರು. ತಮಾಷೆ ಮಾಡಲಿಲ್ಲ, ಮೇಜಿನ ಮೇಲಿನ ಬ್ರೆಡ್ಡಿನ ಚೂರನ್ನು ಬೆರಳಿನಿಂದ ಒತ್ತುತ್ತಾ ಹೇಳಿದರು.

ಕಿಟಕಿಕಟ್ಟೆಯಷ್ಟು ಜಾಗದಲ್ಲಿ ನಿಂತು ಮೊದಲು ಮೆಲ್ಲಗೆ ಹೇಳಿ ನೋಡಿದರಂತೆ. ತಮಗೇ ಕೇಳಿಸಲಿಲ್ಲ. ಆಮೇಲೆ ಎದೆ ತುಂಬ ಉಸಿರೆಳೆದುಕೊಂಡು, ಅಣ್ಣ ಕೂಗುವ ಹಾಗೆ ಕೂಗಿದರು.

"ಆಗಲ್ಲ!"

ಬೆಟ್ಟ ಅದಕ್ಕೂ ಒಪ್ಪಿತು. ಅದರ ಹಣೆಬರಹವೇ ಅಷ್ಟು.

ಏರಿದ್ದಕ್ಕಿಂತ ಇಳಿದದ್ದು ಕಷ್ಟವಾಯಿತು. ಮುಖ ಬಂಡೆಯ ಕಡೆಗೆ, ಕಾಲು ಕೆಳಗೆ ಕಾಣದ ಮೆಟ್ಟನ್ನು ತಡಕಾಡುತ್ತಾ. ಏರುವ ಸಂಭ್ರಮದಲ್ಲಿ ಎಲ್ಲಿ ಕಾಲಿಟ್ಟಿದ್ದೆ ಎಂದು ನೋಡಿಕೊಂಡಿರಲಿಲ್ಲ. ಬಿರುಕಿನ ನಡುವೆ ಬೆನ್ನಿನ ಚೀಲ ಸಿಕ್ಕಿಹಾಕಿಕೊಂಡು ಮೇಲೂ ಇಲ್ಲ ಕೆಳಗೂ ಇಲ್ಲ ಎಂದಾಯಿತು. ಒಂದು ಕೈಯಿಂದ ಪಟ್ಟಿ ಬಿಚ್ಚಿ ಚೀಲವನ್ನು ಕೆಳಕ್ಕೆ ಬಿಟ್ಟರು. ಅದು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತಂತೆ. ಆ ಸದ್ದು ನಿಲ್ಲುವವರೆಗೆ ಕಣ್ಣು ಮುಚ್ಚಿಕೊಂಡಿದ್ದೆ ಎಂದರು. ಆಮೇಲೆ ಒಂದೊಂದೇ ಹೆಜ್ಜೆ ಇಳಿದು, ಕಲ್ಲುಗುಪ್ಪೆಯ ಪಕ್ಕ ಕೂತು, ತಿನ್ನಲು ಏನೂ ಇಲ್ಲದೆ ಎದ್ದು ಬಂದರು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತಮ್ಮ ಮನೆಯ ಬಾಗಿಲನ್ನು ತಾವೇ ಬಡಿಯುತ್ತಿದ್ದರು, ಬೀಗದ ಕೈ ಚೀಲದ ಜೊತೆ ಹೋಗಿತ್ತು. ಅಂಗೈ ತರಚಿತ್ತು, ಪ್ಯಾಂಟು ಎರಡೂ ಮೊಣಕಾಲಿನಲ್ಲಿ ಹರಿದು ಬಾಯಿಬಿಟ್ಟಿತ್ತು. ನಾನು ಬೈಯಲು ಶುರುಮಾಡಿ ಅತ್ತುಬಿಟ್ಟೆ. ಅಣ್ಣ ಕೂತಲ್ಲಿಂದ ಏಳದೆ ಕೇಳಿದ.

"ತುದಿ ಮುಟ್ಟಿದ್ಯಾ?"

"ಇಲ್ಲ ಭಾವ."

"ಯಾಕೆ?"

ಆಗಲೇ ಇವರು ಕೂತು ಇಷ್ಟನ್ನೂ ಹೇಳಿದ್ದು.  ಹೊಸಬನ ಮಾತು ಬಂದಾಗ ಅಣ್ಣ ಮುಖ ಆಚೆ ತಿರುಗಿಸಿದ. ಹೇಳಿ ಮುಗಿದ ಮೇಲೆ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇವರು ಅವನ ಬಾಯಿಯನ್ನೇ ನೋಡುತ್ತಿದ್ದರು. ಸೋಮವಾರಕ್ಕೆ ಇನ್ನು ಒಂದು ರಾತ್ರಿ ಇತ್ತು. ಬೆಟ್ಟದ ಮೇಲೆ ಯಾರೂ ಇಲ್ಲದಾಗ ಕೂಗಿದ 'ಆಗಲ್ಲ' ಎಷ್ಟು ಗಟ್ಟಿ ಎಂದು ಅವನು ಕುಟ್ಟಿ ನೋಡುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಅಣ್ಣ ಅಷ್ಟು ಸುಲಭಕ್ಕೆ ನಂಬುವ ಆಸಾಮಿಯಲ್ಲ.

ನನಗೆ ಆಗ ಮೋಟಾರ್ ಕೋಣೆಯೂ ಬೇಕಿರಲಿಲ್ಲ, ಏನೂ ಬೇಕಿರಲಿಲ್ಲ. ಆ ಪುಡಿ ಉದುರಿದ ಕಲ್ಲೇ ಕಣ್ಣ ಮುಂದೆ ಇತ್ತು. ಇವರ ತರಚಿದ ಕೈಯನ್ನು ಹಿಡಿದುಕೊಂಡು ಹೇಳಿದೆ.

"ಇನ್ಮೇಲೆ ಆ ಬೆಟ್ಟದ ಕಡೆ ಒಬ್ಬರೇ ಹೋಗಲ್ಲ ಅಂತ ಮಾತು ಕೊಡಿ."

ಇವರು ನನ್ನನ್ನು ನೋಡಿದರು. ಆಯ್ತು ಎನ್ನಲು ತುಟಿ ತೆರೆಯುವುದನ್ನು ನಾನು ಕಂಡೆ. ಇಷ್ಟು ವರ್ಷದಲ್ಲಿ ಎಷ್ಟು ಸಲ ಕಂಡಿಲ್ಲ. ಆದರೆ ತುಟಿ ಹಾಗೇ ನಿಂತಿತು. ಇವರ ಹಣೆಯಲ್ಲಿ ಬೆವರು ಮೂಡಿತು. ಬೆಟ್ಟದ ಮೇಲೂ ಇಷ್ಟು ಬೆವರಿರಲಿಕ್ಕಿಲ್ಲ.

"ಆಗಲ್ಲ ಕಣೇ," ಎಂದರು.

"ಏನಂದ್ರಿ?"

"ಆಗಲ್ಲ. ಮತ್ತೆ ಹೋಗ್ತೀನಿ. ಒಬ್ಬನೇ ಹೋಗ್ತೀನಿ." ಕಣ್ಣು ನನ್ನ ಮುಖದಿಂದ ಸರಿಯಲಿಲ್ಲ. "ನಿನ್ನ ಸಮಾಧಾನಕ್ಕೆ ಆಯ್ತು ಅಂತ ಹೇಳಿ, ಆಮೇಲೆ ಕದ್ದು ಹೋಗೋದು ಇನ್ನು ಬೇಡ."

ನಾನು ಅಣ್ಣನ ಕಡೆ ತಿರುಗಿದೆ. "ಕೇಳಿಸ್ಕೊಂಡ್ಯಾ? ನೀನಾದ್ರೂ ಹೇಳೋ!"

ಅಣ್ಣ ನಗುತ್ತಿದ್ದ. ಸದ್ದಿಲ್ಲದೆ, ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಹೋಗುವಾಗ ಇವರ ಬೆನ್ನಿನ ಮೇಲೆ ಒಂದು ಗುದ್ದು ಗುದ್ದಿದ. "ನಾಳೆ ಆಫೀಸಲ್ಲಿ ನಿನ್ನ ಹೆಸರೇ ಹೇಳ್ತೀನಿ. ಇವಳಿಗೆ ಆಗಲ್ಲ ಅನ್ನೋಕೆ ನನ್ನ ಕೈಲೂ ಇದುವರೆಗೆ ಆಗಿಲ್ಲ," ಎಂದ.

ಬಾಗಿಲು ಮುಚ್ಚಿದ ಮೇಲೆ ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಿದ್ದಕ್ಕಿಂತ ಜೋರಾಗಿ ತೊಳೆದೆ.  ಆ ಮಾತನ್ನು ಹೇಳಿ ಹೇಳಿ ಕಲಿಸಿದವಳು ನಾನು, ಮೊದಲ ಏಟು ಬಿದ್ದದ್ದೂ ನನಗೇ. ಹೆಮ್ಮೆಯೂ ಆಗುತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು. ಇವರು ಬಂದು ಬಾಗಿಲ ಹತ್ತಿರ ನಿಂತರು.

"ಸಿಟ್ಟಾ?"

"ಹೂಂ."

"ಟೊಳ್ಳು ಸದ್ದು ಬಂದ ಕಲ್ಲು ಹಿಡಿಯಲ್ಲ. ಅಷ್ಟು ಮಾತು ಕೊಡ್ತೀನಿ."

ನಾನು ಕೈ ಒರೆಸಿಕೊಂಡು ಇವರನ್ನು ನೋಡಿದೆ. ಮದುವೆಯಾದ ಮೇಲೆ ಈ ಮನುಷ್ಯ ನನಗೆ ಕೊಟ್ಟ ಮಾತುಗಳನ್ನು ಪೇರಿಸಿದರೆ ಇನ್ನೊಂದು ಬೆಟ್ಟವಾದೀತು. ಅದರಲ್ಲಿ ನಾನು ನಂಬಿದ್ದು ಇದೇ ಮೊದಲನೆಯದು. ಪ್ಯಾಂಟು ಬಿಚ್ಚಿಕೊಡಿ ಎಂದೆ. ಎರಡೂ ಮೊಣಕಾಲಿಗೆ ಪರದೆಯ ದಪ್ಪ ಬಟ್ಟೆ ಕೊಟ್ಟು, ಎರಡು ಸುತ್ತು ಹೊಲಿಗೆ ಹಾಕಿದೆ, ಮುಂದಿನ ಸಲಕ್ಕೆ ಬಾಳಿಕೆ ಬರಲಿ ಎಂದು.